ಚಿಲಕದ ಎತ್ತರ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಾಯಂದಿರು ನಯಾಗರಾ ನೋಡಿ ಬರುವುದು ವಾಡಿಕೆ. 2019ರ ಬೇಸಿಗೆ ರಜೆಗೆ ಒಂದಷ್ಟು ಗಳಿಕೆ ರಜೆಯನ್ನೂ ಸೇರಿಸಿಕೊಂಡು ಹೋಗಿದ್ದ ನಾನು ನೋಡಿ ಬಂದದ್ದು ಒಂದು ಪ್ರಾಥಮಿಕ ಶಾಲೆ. ಊರಿಗೆ ಬಂದು ಸಹೋದ್ಯೋಗಿಗಳಿಗೆ ಹೇಳಿದಾಗ, "ಅಷ್ಟು ದೂರ ಹೋಗಿಯೂ ಶಾಲೆಯೇ ಸಿಕ್ಕಿತೇನ್ರೀ ನಿಮಗೆ?" ಎಂದು ನಕ್ಕರು.

ಮಗಳ ಮನೆ ಇದ್ದದ್ದು ಶಿಕಾಗೋದ ಉತ್ತರಕ್ಕೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ವಿನೆಟ್ಕಾ ಎಂಬ ಊರು. ಒಂದು ಭಾನುವಾರ ಅಳಿಯಂದಿರು, "ಅತ್ತೆ, ಇಲ್ಲೊಂದು ಶಾಲೆ ಇದೆ, ಕಟ್ಟಡ ಶಾಸ್ತ್ರ ಓದುವವರು ನೋಡೋಕೆ ಬರ್ತಾರಂತೆ, ನೀವೂ ನೋಡಿ" ಎಂದು ಕಾರು ನಿಲ್ಲಿಸಿದರು. ಮರಗಳ ನಡುವೆ ತಗ್ಗಾದ, ಉದ್ದನೆಯ ಇಟ್ಟಿಗೆ ಕಟ್ಟಡ. ಮೇಲೊಂದು ಗಡಿಯಾರದ ಗೋಪುರ. ಕಂಬಗಳಿಲ್ಲ, ಕಮಾನುಗಳಿಲ್ಲ. ಇಷ್ಟೇಯೇ ಎನಿಸಿತು. ರಜೆಯ ದಿನವಾದ್ದರಿಂದ ಬಾಗಿಲು ಹಾಕಿತ್ತು. ಸುತ್ತು ಹಾಕುವಾಗ ಗೋಡೆಯ ಇಟ್ಟಿಗೆಗಳ ನಡುವೆ ಕೂರಿಸಿದ್ದ ಸುಟ್ಟ ಮಣ್ಣಿನ ಪ್ರಾಣಿಗಳು ಕಂಡವು. ಅವು ಇದ್ದದ್ದು ನನ್ನ ಕಣ್ಣಿಗೆ ತಕ್ಕ ಎತ್ತರದಲ್ಲಲ್ಲ. ನೋಡಬೇಕಾದರೆ ನಾನೇ ಬಗ್ಗಬೇಕಾಯಿತು. ಆಗ ಏನೋ ಹೊಳೆದಂತಾಗಿ, ಮರುದಿನ ಮಗಳಿಂದ ಅಲ್ಲಿನ ಗ್ರಂಥಾಲಯದ ಪುಸ್ತಕ ತರಿಸಿಕೊಂಡೆ. ಮೊಮ್ಮಗು ತೊಟ್ಟಿಲಲ್ಲಿ ಮಲಗಿದಾಗಲೆಲ್ಲ ಅದನ್ನೇ ಓದಿದೆ.

ಆ ಶಾಲೆಯ ಹೆಸರು ಕ್ರೋ ಐಲೆಂಡ್. ತೆರೆದದ್ದು 1940ರಲ್ಲಿ. ಅದಕ್ಕೆ ಮೊದಲು ಅಮೆರಿಕದ ಶಾಲೆಗಳೂ ಬಹುಮಟ್ಟಿಗೆ ನಮ್ಮ ಹಳೆಯ ಹೈಸ್ಕೂಲುಗಳ ಹಾಗೆಯೇ ಇದ್ದವು: ಎತ್ತರದ ಗೋಡೆ, ಎತ್ತರದ ಸೂರು, ನಡುವೆ ಓಣಿ, ಎರಡೂ ಕಡೆ ಒಂದೇ ಅಚ್ಚಿನ ಕೋಣೆಗಳು. ವಿನೆಟ್ಕಾದ ಶಾಲೆಗಳ ಮುಖ್ಯಾಧಿಕಾರಿ ಕಾರ್ಲ್ಟನ್ ವಾಶ್‌ಬರ್ನ್ ಎಂಬವರು 1919ರಿಂದ ಅಲ್ಲಿದ್ದು, ಮಗು ತನ್ನ ವೇಗದಲ್ಲಿ ಕಲಿಯಲಿ ಎಂಬ ಪದ್ಧತಿ ತಂದಿದ್ದರು. ಪದ್ಧತಿ ಬದಲಾದ ಮೇಲೆ ಹಳೆಯ ಕೋಣೆ ಒಗ್ಗೀತೆ? ಹೊಸ ಕಟ್ಟಡದ ಕೆಲಸ ಬಂದದ್ದು ಲ್ಯಾರಿ ಪರ್ಕಿನ್ಸ್ ಮತ್ತು ಅವರ ಇಬ್ಬರು ಜೊತೆಗಾರರ ಎಳೆಯ ಸಂಸ್ಥೆಗೆ. ಹುಡುಗರನ್ನೇ ನಂಬುವುದು ಹೇಗೆಂದು ಹೆಸರಾಂತ ಫಿನ್ಲೆಂಡಿನ ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಮತ್ತು ಅವರ ಮಗ ಈರೋ ಅವರನ್ನೂ ಜೊತೆಗೆ ಹಾಕಿದರು. ಪರ್ಕಿನ್ಸ್ ಮೊದಲು ನಕ್ಷೆ ಬರೆಯಲಿಲ್ಲ. ವಾರಗಟ್ಟಲೆ ತರಗತಿಗಳಲ್ಲಿ ಕುಳಿತು ಮಕ್ಕಳು ಏನು ಮಾಡುತ್ತಾರೆಂದು ನೋಡಿದರು.

ಹಾಗೆ ನೋಡಿ ಕಟ್ಟಿದ್ದು ಇದು: ಪ್ರತಿ ತರಗತಿಯೂ ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ದೊಡ್ಡ ಭಾಗದಲ್ಲಿ ಪಾಠ, ಚಿಕ್ಕ ಭಾಗದಲ್ಲಿ ಬಣ್ಣ, ಮಣ್ಣು, ಮರಗೆಲಸ. ಎರಡು ಕಡೆ ಕಿಟಕಿ. ಅಂಗಳಕ್ಕೆ ನೇರ ಬಾಗಿಲು, ಆ ಅಂಗಳವೂ ಆ ತರಗತಿಯದ್ದೇ. 12 ಅಡಿ ಇರಬೇಕಾದ ಸೂರು 9 ಅಡಿಗೆ ಇಳಿದಿದೆ. ಬಾಗಿಲ ಹಿಡಿ, ದೀಪದ ಸ್ವಿಚ್ಚು ಎಲ್ಲವೂ ಮಗುವಿನ ಕೈಗೆ ಎಟುಕುವಂತೆ. ಸಭಾಂಗಣದಲ್ಲಿ ಮುಂದಿನ ಸಾಲಿನ ಕುರ್ಚಿಗಳು ಶಿಶುವಿಹಾರದವರ ಅಳತೆಗೆ, ಹಿಂದೆ ಹೋದಂತೆ ದೊಡ್ಡವು. ನೆಲಮಾಳಿಗೆಯಲ್ಲಿ ಹಿಂದಿನ ವಲಸೆಗಾರರ ಮರದ ದಿಮ್ಮಿಯ ಮನೆಯಂಥ ಕೋಣೆ. ಮಕ್ಕಳು ಅಲ್ಲಿ ಇತಿಹಾಸವನ್ನು ಬಾಯಿಪಾಠ ಮಾಡುವುದಿಲ್ಲ, ಆಡಿ ನೋಡುತ್ತಾರೆ. ಇನ್ನೊಂದು ಸಂಗತಿ, ಇದನ್ನು ಓದಿದಾಗ ನಾನು ಪುಸ್ತಕ ಮಡಿಚಿಟ್ಟು ಕುಳಿತೆ: ಪ್ರತಿ ತರಗತಿಗೂ ಅದರದೇ ಶೌಚಾಲಯ.

ಆದರೆ ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಒಂದು ಪತ್ರ. ಅಲ್ಲಿನ ಶಿಕ್ಷಕಿ ಫ್ರಾನ್ಸೆಸ್ ಪ್ರೆಸ್ಲರ್ ವಾಸ್ತುಶಿಲ್ಪಿಗಳಿಗೆ ಬರೆದದ್ದು. ಕಟ್ಟಡ ಹೇಗೆ ಕಾಣಬೇಕೆಂದಲ್ಲ, ಅದರೊಳಗೆ ಮಗುವಿಗೆ ಹೇಗೆನಿಸಬೇಕು ಎಂದು ಆಕೆ ಬರೆದರು. ಅತಿಯಾಗಿ ಚೆಂದ ಮಾಡಬೇಡಿ, ಮಕ್ಕಳು ಅದನ್ನು ಬಳಸಬೇಕೇ ಹೊರತು ಜೋಪಾನ ಮಾಡುತ್ತ ಕೂರಬಾರದು ಎಂಬ ಅರ್ಥದ ಮಾತೂ ಅದರಲ್ಲಿದೆ. ವಾಸ್ತುಶಿಲ್ಪಿಗಳು ಆ ಪತ್ರವನ್ನು ಗಂಭೀರವಾಗಿ ತೆಗೆದುಕೊಂಡರು. ಈ ಶಾಲೆ 1990ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಸ್ಮಾರಕವಾದ ಮೇಲೂ ಅಲ್ಲಿ ಮಕ್ಕಳು ಓದುತ್ತಿದ್ದರು ಎಂಬುದು ನನಗೆ ಸಂತೋಷದ ವಿಷಯ.

ಯಾರೂ ನಮ್ಮನ್ನು ಕೇಳುವುದಿಲ್ಲ ಎಂದು ಗೊಣಗುವುದು ನಮ್ಮ ಮೇಷ್ಟರುಗಳ ಹಳೆಯ ಅಭ್ಯಾಸ. ನಾನು ಹಾಗೆ ಗೊಣಗುವಂತಿಲ್ಲ. ನನ್ನನ್ನು ಕೇಳಿದ್ದರು. 2007ರಲ್ಲಿ ನಮ್ಮ ಶಾಲೆಗೆ ಎರಡು ಕೋಣೆ ಮಂಜೂರಾದಾಗ ಅಳತೆಗೆ ಬಂದ ಎಂಜಿನಿಯರರು ಬಹಳ ಸೌಜನ್ಯದ ಹುಡುಗ. ಕಾಫಿ ಕುಡಿಯುತ್ತ, "ಮೇಡಂ, ನಿಮಗೇನು ಬೇಕು ಹೇಳಿ, ಆದಷ್ಟು ಮಾಡೋಣ" ಎಂದರು. ನಾನು ಹೇಳಿದ್ದು: ದೊಡ್ಡ ಕರಿಹಲಗೆ, ಬೀಗ ಹಾಕುವ ಗೋಡೆ ಬೀರು, ಮತ್ತೆ ಕಿಟಕಿ ಸ್ವಲ್ಪ ಮೇಲಿರಲಿ, ಮಕ್ಕಳ ಗಮನ ಹೊರಗೆ ಹೋಗುತ್ತದೆ. ಆ ಹುಡುಗ ಮೂರನ್ನೂ ಮಾಡಿಕೊಟ್ಟರು. ಬಿ.ಎಡ್.ನಲ್ಲಿ ಮಕ್ಕಳ ಮನಶ್ಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂದಿತ್ತು ನನಗೆ.

ಪುಸ್ತಕದಲ್ಲಿ ಬೇರೆ ಕಟ್ಟಡಗಳೂ ಇದ್ದವು. ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಸೀ ರ್ಯಾಂಚ್ ಎಂಬ ವಿಶ್ರಾಂತಿಧಾಮಗಳ ನೆಲೆ. ಹಿಂದೆ ಕುರಿ ಮೇಯುತ್ತಿದ್ದ ಸುಮಾರು 16 ಕಿಲೋಮೀಟರ್ ದಂಡೆ. ಲಾರೆನ್ಸ್ ಹಾಲ್‌ಪ್ರಿನ್ ಅಲ್ಲಿನ ಗಾಳಿ, ಇಳಿಜಾರು, ಸಾಲುಮರಗಳನ್ನು ಅಭ್ಯಾಸ ಮಾಡಿದ ಮೇಲೆ, ಚಾರ್ಲ್ಸ್ ಮೂರ್ ಮತ್ತು ಅವರ ಗೆಳೆಯರು 1965ರಲ್ಲಿ ಹತ್ತು ಮನೆಗಳ ಒಂದು ಗುಂಪು ಕಟ್ಟಿದರು. ಬಣ್ಣ ಬಳಿಯದ ಮರದ ಗೋಡೆ, ಗಾಳಿಗೆ ಬೆನ್ನು ಕೊಟ್ಟ ಓರೆ ಮಾಡು. ಮಾಡಿಗೆ ಚಾಚಿದ ಸೂರಂಚೇ ಇಲ್ಲ, ಗಾಳಿ ಅದರಡಿ ಸಿಕ್ಕಿ ಸುತ್ತದಿರಲೆಂದು. ಮಲೆನಾಡಿನ ಮಳೆ ಕಂಡ ನನಗೆ ಆ ಮನೆಗಳು ಟೋಪಿ ಮರೆತು ಬಂದ ಮಕ್ಕಳಂತೆ ಕಂಡವು. ಚೆಂದವೇನೋ ಹೌದು. ಆದರೆ ನಿಸರ್ಗದ ಮುಂದೆ ಅಷ್ಟೊಂದು ವಿನಯ ತೋರಿದ ಈ ಊರು ಜನರ ಮುಂದೆ ತೋರಲಿಲ್ಲ. ಸಾರ್ವಜನಿಕರಿಗೆ ಕಡಲಿಗಿಳಿಯುವ ದಾರಿಯೇ ಸಿಗದಂತಾಗಿ ಜಗಳವೆದ್ದಿತು. 1972ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ತೀರ ಕಾಯುವ ಆಯೋಗ ತಂದುದಕ್ಕೆ ಆ ಜಗಳವೂ ಒಂದು ಕಾರಣ.

ಮನೆ ಎಂದರೆ ನನಗೆ ಹಿಡಿಸಿದ್ದು ಅಲಬಾಮಾದವು. ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರೂತ್ 1993ರಲ್ಲಿ ರೂರಲ್ ಸ್ಟುಡಿಯೋ ಆರಂಭಿಸಿ, ವಾಸ್ತುಶಿಲ್ಪ ಓದುವ ಹುಡುಗ ಹುಡುಗಿಯರನ್ನು ಹೇಲ್ ಕೌಂಟಿ ಎಂಬ ಬಡ ಸೀಮೆಗೆ ಕರೆದೊಯ್ದರು. ಅವರು ಅಲ್ಲಿ ತಾವೇ ಗಾರೆ ಕಲಸಿ ಮನೆ ಕಟ್ಟಿದರು. ಮೊದಲನೆಯದು 1994ರಲ್ಲಿ, ಮೊಮ್ಮಕ್ಕಳನ್ನು ಸಾಕುತ್ತಿದ್ದ ವೃದ್ಧ ದಂಪತಿಗೆ: ಒಣಹುಲ್ಲಿನ ಪಿಂಡಿಗಳನ್ನು ಪೇರಿಸಿ ಗಾರೆ ಮೆತ್ತಿದ ಗೋಡೆ, ಮುಂದೆ ಅಗಲವಾದ ಜಗಲಿ, ಹಿಂದೆ ಮಕ್ಕಳಿಗೆ ಪುಟ್ಟ ಪುಟ್ಟ ಗೂಡುಗಳು. ಜಗಲಿಯ ಚಿತ್ರ ನೋಡಿ ನಮ್ಮಜ್ಜಿಯ ಮನೆ ನೆನಪಾಯಿತು. ಜಗಲಿಯಿಲ್ಲದೆ ಬಡವರು ನೆಂಟರನ್ನು ಎಲ್ಲಿ ಕೂರಿಸಬೇಕು? 2000ದಲ್ಲಿ ಹಳೆಯ ಷೆವರ್ಲೆ ಕಾರುಗಳ ಗಾಜುಗಳನ್ನೇ ಮಾಡಾಗಿ ಜೋಡಿಸಿ ಒಂದು ಸಮುದಾಯ ಭವನ ಕಟ್ಟಿದರು. ಮಾಕ್‌ಬೀ 2001ರಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 2005ರಿಂದ 20,000 ಡಾಲರಿನಲ್ಲಿ ಒಂದು ಮನೆ ಎಂಬ ಲೆಕ್ಕ ಹಿಡಿದು ಹೊರಟರು. ಸರ್ಕಾರದ ಪಿಂಚಣಿಯೊಂದನ್ನೇ ನಂಬಿದವರು ತೀರಿಸಬಹುದಾದ ಸಾಲ ಎಷ್ಟು ಎಂಬುದರಿಂದ ಬಂದ ಮೊತ್ತವದು.

ಈ ವರ್ಷ ನಮ್ಮ ಶಾಲೆಗೆ ಇನ್ನೊಂದು ಕೋಣೆ ಬರುವ ಸುದ್ದಿಯಿದೆ. ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋಗಿದ್ದಾಗ, ಎರಡನೇ ತರಗತಿಯ ಚಾಪೆಯ ಮೇಲೆ ನಾನೇ ಕುಳಿತು ನೋಡಿದೆ. ನಾನು ಕೇಳಿ ಇಡಿಸಿಕೊಂಡ ಕಿಟಕಿಯಲ್ಲಿ ಒಂದು ತೆಂಗಿನ ಸುಳಿ, ಅಷ್ಟೇ ಆಕಾಶ. ಊಟ ಮುಗಿಸಿ ಬಂದವರು ನನ್ನನ್ನು ನೆಲದ ಮೇಲೆ ಕಂಡು ಕಿಸಕ್ಕನೆ ನಕ್ಕರು. ಹೊಸ ಕೋಣೆಯಲ್ಲಿ ಏನೇನಿರಬೇಕು ಹೇಳಿ ಎಂದೆ. ಜಾರುಬಂಡಿ, ಟಿವಿ, ನಾಯಿಮರಿ. ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆಯುತ್ತ ಹೋದೆ. ಹಿಂದೆ ಕುಳಿತಿದ್ದ ಒಬ್ಬಳು ಬಹಳ ಹೊತ್ತು ಸುಮ್ಮನಿದ್ದು, ಎಲ್ಲರೂ ಆಟಕ್ಕೆ ಹೋದ ಮೇಲೆ ಹತ್ತಿರ ಬಂದಳು.

"ಬಾತ್‌ರೂಮ್ ಬಾಗಿಲಿನ ಚಿಲಕ ನಂಗೆ ಎಟುಕಲ್ಲ ಟೀಚರ್. ಅದಕ್ಕೇ ನಾನು ಸ್ಕೂಲಲ್ಲಿ ನೀರು ಕುಡಿಯಲ್ಲ."

ಆ ಚಿಲಕವನ್ನು ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ದಿನಾ ನೋಡಿದ್ದೇನೆ. ಅಂದು ಸಂಜೆ ಬಡಗಿಯನ್ನು ಕರೆಸಿ, ಅವಳನ್ನು ಬಾಗಿಲ ಪಕ್ಕ ನಿಲ್ಲಿಸಿ, ಅವಳ ಭುಜದ ಎತ್ತರಕ್ಕೆ ಪೆನ್ಸಿಲಿನಿಂದ ಗೀಟು ಹಾಕಿದೆ.