ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಅದರ ವ್ಯಾಪಾರಿಗಳು

ದೇವರಾಜ ಮಾರುಕಟ್ಟೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿದೆ. ಒಂದು ತುದಿಗೆ ಚಿಕ್ಕ ಗಡಿಯಾರ, ಇನ್ನೊಂದು ತುದಿಗೆ ಧನ್ವಂತರಿ ರಸ್ತೆ. ಶತಮಾನ ದಾಟಿದ ಈ ಕಟ್ಟಡ ಮಹಾನಗರ ಪಾಲಿಕೆಯದು. ನೂರಾರು ಮಳಿಗೆಗಳ ವ್ಯಾಪಾರಿಗಳು ಬಾಡಿಗೆದಾರರು. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಕುಂಕುಮ, ಊದುಬತ್ತಿ ಇಲ್ಲಿನ ಹೆಸರಾದ ಸರಕು. ಹಲವು ಅಂಗಡಿಗಳು ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿವೆ. ತಾಳವಾಡಿ, ವಯನಾಡಿನ ನಮ್ಮವರಿಗೂ ಇದು ಪರಿಚಿತ ಪೇಟೆ.

2012ರ ಆಗಸ್ಟ್‌ನಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಲ್ಲಿನ ಹಳೆ ಪುಸ್ತಕದಂಗಡಿಗಳು ಮುಚ್ಚಿದವು. 2016ರ ಆಗಸ್ಟ್ 28ರಂದು, ದುರಸ್ತಿ ನಡೆಯುತ್ತಿದ್ದಾಗಲೇ, ಮಾರುಕಟ್ಟೆಯ ಉತ್ತರ ಭಾಗವೂ ಬಿತ್ತು. ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. ಕೆಡವಿದರೆ ಅದೇ ಜಾಗ, ಕೈಗೆಟುಕುವ ಬಾಡಿಗೆಗೆ, ಮತ್ತೆ ಸಿಕ್ಕೀತೇ ಎಂಬುದು ವ್ಯಾಪಾರಿಗಳ ಚಿಂತೆ.