‘ಸಹಜಪ್ರಜೆ’ ಎಂಬ ಮಾತಿನ ಚರಿತ್ರೆ: ಅಮೆರಿಕದ ಅಧ್ಯಕ್ಷಪದವಿಯ ಅರ್ಹತೆಯನ್ನು ಕುರಿತ ವಿಚಾರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಅಧ್ಯಕ್ಷನಾಗತಕ್ಕವನು ಆ ದೇಶದ ನೆಲದ ಮೇಲೆ ಹುಟ್ಟಿದವನೇ ಆಗಿರಬೇಕೆಂಬ ಮಾತು ನಮ್ಮಲ್ಲಿ ಬಹುಮಟ್ಟಿಗೆ ರೂಢವಾಗಿದೆ. ಪೌರನೀತಿಯನ್ನು ಬೋಧಿಸುವವರೂ ವೃತ್ತಪತ್ರಿಕೆಗಳಲ್ಲಿ ಬರೆಯುವವರೂ ಇದನ್ನು ಸಂದೇಹಕ್ಕೆ ಎಡೆಯಿಲ್ಲದ ಸಂಗತಿಯೆಂಬಂತೆ ಹೇಳುವುದುಂಟು. ಆದರೆ 1787ನೆಯ ಇಸವಿಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾದ ರಾಜ್ಯಾಂಗವನ್ನು ತೆಗೆದು ನೋಡಿದರೆ, ಅರ್ಹತೆಯನ್ನು ಹೇಳುವ ಎರಡನೆಯ ವಿಧಿಯಲ್ಲಿ ಹುಟ್ಟಿದ ನೆಲದ ಪ್ರಸ್ತಾಪವೇ ಕಾಣುವುದಿಲ್ಲ. ಅಲ್ಲಿ ಹೇಳಿರುವ ನಿಬಂಧನೆಗಳು ಮೂರು. ಅಧ್ಯಕ್ಷನಿಗೆ 35 ವರ್ಷ ವಯಸ್ಸು ತುಂಬಿರಬೇಕು. ಅವನು 14 ವರ್ಷ ಆ ದೇಶದಲ್ಲಿ ವಾಸವಾಗಿರಬೇಕು. ಅವನು ‘ನ್ಯಾಚುರಲ್ ಬಾರ್ನ್ ಸಿಟಿಜನ್’ ಆಗಿರಬೇಕು, ಇಲ್ಲವೆ ರಾಜ್ಯಾಂಗವು ಅಂಗೀಕೃತವಾದ ಕಾಲದಲ್ಲಿ ಅಲ್ಲಿಯ ಪ್ರಜೆಯಾಗಿದ್ದವನಾಗಿರಬೇಕು. ವಯಸ್ಸು, ವಾಸ ಇವೆರಡೂ ಎಣಿಕೆಯ ವಿಷಯಗಳು. ಮೂರನೆಯದು ವ್ಯಾಖ್ಯಾನವನ್ನು ಬೇಡುತ್ತದೆ. ರಾಜ್ಯಾಂಗವಾದರೋ ಆ ವ್ಯಾಖ್ಯಾನವನ್ನು ಎಲ್ಲಿಯೂ ಕೊಟ್ಟಿಲ್ಲ. ಈ ಪದಸಮೂಹವನ್ನು ಕನ್ನಡದಲ್ಲಿ ಏನೆಂದು ಹೇಳತಕ್ಕದ್ದು, ಹಾಗೆ ಹೇಳುವುದಕ್ಕೆ ಚರಿತ್ರೆಯ ಆಧಾರವೇನು ಎಂಬುದೇ ಪ್ರಕೃತ ವಿಚಾರ.

ಮೊದಲು ಶಬ್ದವನ್ನು ನೋಡೋಣ. ‘ನ್ಯಾಚುರಲ್’ ಎಂಬುದು ಹುಟ್ಟು ಎಂಬರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಬಂದುದು; ‘ನೇಷನ್’ ಎಂಬುದಕ್ಕೂ ಅದೇ ಮೂಲ. ಆ ಧಾತುವು ನಮ್ಮ ‘ಜನ್’ ಧಾತುವಿನ ಜ್ಞಾತಿಯೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಆದುದರಿಂದ ‘ನ್ಯಾಚುರಲ್ ಬಾರ್ನ್’ ಎಂಬಲ್ಲಿ ಹುಟ್ಟೆಂಬ ಅರ್ಥ ಎರಡು ಸಲ ಬಂದಿದೆ. ಸ್ಥಳವೆಂಬ ಅರ್ಥ ಒಂದು ಸಲವೂ ಬಂದಿಲ್ಲ. ಇದಕ್ಕೆ ಪ್ರತಿಯೋಗಿಯಾದ ಶಬ್ದ ‘ನ್ಯಾಚುರಲೈಸ್ಡ್’ ಎಂಬುದು; ಎಂದರೆ ಹುಟ್ಟಿನಿಂದ ಅನ್ಯನಾಗಿದ್ದು ಶಾಸನಬಲದಿಂದ ತರುವಾಯ ಸಹಜನಂತೆ ಮಾಡಲ್ಪಟ್ಟವನು. ಸಹಜ ಎಂಬ ಶಬ್ದವನ್ನು ಇಲ್ಲಿ ಬೇಕೆಂದೇ ಬಳಸಿದೆ. ಅದರ ಅವಯವಾರ್ಥ ಜೊತೆಯಲ್ಲಿಯೇ ಹುಟ್ಟಿದುದು ಎಂದು. ಕರ್ಣನ ಕವಚಕುಂಡಲಗಳನ್ನು ಸಹಜವೆನ್ನುವುದು ಈ ಅರ್ಥದಲ್ಲಿಯೇ. ಅವು ಅವನೊಡನೆ ಬಂದವು, ಯಾರೋ ಆಮೇಲೆ ತೊಡಿಸಿದವಲ್ಲ. ಅವನು ಯಾವ ಊರಿನಲ್ಲಿ ಹುಟ್ಟಿದನೆಂಬುದು ಆ ವಿಶೇಷಣಕ್ಕೆ ಬೇಕಾಗಿಲ್ಲ. ‘ಪ್ರಜೆ’ ಎಂಬುದೂ ಅದೇ ಧಾತುವಿನದು. ಅಮರಸಿಂಹನು ನಾನಾರ್ಥವರ್ಗದಲ್ಲಿ ಅದಕ್ಕೆ ಸಂತತಿ, ಜನ ಎಂಬ ಎರಡರ್ಥಗಳನ್ನು ಹೇಳಿದ್ದಾನೆ. ಕಾಳಿದಾಸನು ದಿಲೀಪನ ವರ್ಣನೆಯಲ್ಲಿ ಈ ಎರಡರ್ಥಗಳ ಹೊಂದಿಕೆಯನ್ನು ಬಳಸಿಕೊಂಡಿರುವುದು ವಾಚಕರಿಗೆ ತಿಳಿದೇ ಇದೆ. ಹೀಗೆ ‘ಸಹಜಪ್ರಜೆ’ ಎಂಬ ಸಮಾಸವು ಮೂಲದ ದ್ವಿರುಕ್ತಿಯನ್ನು ಕೂಡ ಉಳಿಸಿಕೊಳ್ಳುತ್ತದೆ. ‘ಸ್ವದೇಶಜಾತ’ವೆಂದರೆ ಮೂಲದಲ್ಲಿಲ್ಲದ ದೇಶವನ್ನು ಒಳಕ್ಕೆ ತಂದಂತಾಗುತ್ತದೆ.

ಶಬ್ದದ ಅವಯವಾರ್ಥಕ್ಕಿಂತ ರೂಢ್ಯರ್ಥವೇ ಬಲವತ್ತರವೆಂದು ಮೀಮಾಂಸಕರ ಮತ. ಆದುದರಿಂದ ಈ ಮಾತಿಗೆ 1787ಕ್ಕೆ ಹಿಂದೆ ಯಾವ ರೂಢಿಯಿತ್ತೆಂಬುದನ್ನು ನೋಡದೆ ನಿರ್ಣಯ ಹೇಳಲಾಗದು. ಆ ರೂಢಿ ಇಂಗ್ಲೆಂಡಿನದು. ಅಲ್ಲಿ ‘ಸಿಟಿಜನ್’ ಎಂಬುದರ ಸ್ಥಾನದಲ್ಲಿ ‘ಸಬ್ಜೆಕ್ಟ್’, ಎಂದರೆ ರಾಜನಿಗೆ ಅಧೀನನಾದವನು, ಎಂಬ ಶಬ್ದವಿತ್ತು. 1603ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸನು ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದನು. ಅದಾದ ಮೇಲೆ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಕ್ಯಾಲ್ವಿನ್ನನೆಂಬ ಶಿಶುವಿನ ಹೆಸರಿನಲ್ಲಿ ಇಂಗ್ಲೆಂಡಿನ ಭೂಮಿಗಾಗಿ ವ್ಯಾಜ್ಯ ಹೂಡಲಾಯಿತು. ಅನ್ಯದೇಶೀಯನು ಅಲ್ಲಿ ಭೂಮಿಯನ್ನು ಹೊಂದುವಂತಿರಲಿಲ್ಲ. ಈ ಮಗು ಅನ್ಯವೋ ಅಲ್ಲವೋ? 1608ರಲ್ಲಿ ನ್ಯಾಯಾಧೀಶರು ಅಲ್ಲವೆಂದು ತೀರ್ಮಾನಿಸಿದರು. ರಾಜನ ರಕ್ಷಣೆಯೊಳಗೆ ಹುಟ್ಟಿದವನು ಹುಟ್ಟಿನಿಂದಲೇ ಅವನಿಗೆ ನಿಷ್ಠೆಯನ್ನು ತೆರಬೇಕಾದವನು, ಆದುದರಿಂದ ಅವನ ಸಹಜಾಧೀನನು, ಎಂಬುದು ಕೋಕ್ ಪಂಡಿತನು ಬರೆದಿಟ್ಟ ಆ ತೀರ್ಪಿನ ಸಾರ. ನೆಲಕ್ಕೆ ಪ್ರಾಧಾನ್ಯ ಬಂದುದು ಇಲ್ಲಿಂದ. ಆದರೆ ಇಲ್ಲಿಯೂ ನೆಲವು ಜ್ಞಾಪಕಮಾತ್ರ, ಹೇತುವಲ್ಲ; ಹೇತುವು ನಿಷ್ಠೆ. ರಾಯಭಾರಿಯ ಮಕ್ಕಳೂ ದಂಡೆತ್ತಿ ಬಂದ ಶತ್ರುಗಳ ಮಕ್ಕಳೂ ಆ ನೆಲದಲ್ಲಿ ಹುಟ್ಟಿದರೂ ಅಧೀನರಾಗುತ್ತಿರಲಿಲ್ಲವೆಂಬುದೇ ಇದಕ್ಕೆ ಸಾಕ್ಷಿ.

ನೆಲದ ಸೂತ್ರದ ಪಕ್ಕದಲ್ಲಿ ವಂಶದ ಸೂತ್ರವೂ ಇಂಗ್ಲೆಂಡಿನಲ್ಲಿ ಬೆಳೆಯಿತು. ವ್ಯಾಪಾರಕ್ಕಾಗಿಯೋ ರಾಜಕಾರ್ಯಕ್ಕಾಗಿಯೋ ಕಡಲಾಚೆ ಹೋದವರಿಗೆ ಅಲ್ಲಿ ಹುಟ್ಟಿದ ಮಕ್ಕಳ ದಾಯಾಧಿಕಾರವನ್ನು ಮೂರನೆಯ ಎಡ್ವರ್ಡನ ಕಾಲದ ಶಾಸನವೇ ಅಂಗೀಕರಿಸಿತ್ತು. 1708, 1773ನೆಯ ಇಸವಿಗಳ ಶಾಸನಗಳು ಅಂಥ ಮಕ್ಕಳನ್ನು ಸಹಜಾಧೀನರೆಂದೇ ಎಣಿಸತಕ್ಕದ್ದೆಂದು ವಿಧಿಸಿದವು. ಅಮೆರಿಕದ ರಾಜ್ಯಾಂಗಕರ್ತರು ನ್ಯಾಯಶಾಸ್ತ್ರವನ್ನು ಕಲಿತುದು ಇಂಗ್ಲಿಷ್ ಗ್ರಂಥಗಳಿಂದಲೇ ಆದುದರಿಂದ ಈ ಎರಡು ಸೂತ್ರಗಳೂ ಅವರಿಗೆ ಪರಿಚಿತವಾಗಿದ್ದವು. 1701ನೆಯ ಇಸವಿಯ ಸಿಂಹಾಸನ ನಿರ್ಣಯ ಶಾಸನವನ್ನೂ ಇಲ್ಲಿ ನೆನೆಯಬೇಕು. ವಿಲಿಯಂ ದೊರೆಯು ತನ್ನ ಡಚ್ ಆಪ್ತರಿಗೆ ಪದವಿಗಳನ್ನು ಕೊಡುತ್ತಿದ್ದುದನ್ನು ಸಹಿಸದ ಪಾರ್ಲಿಮೆಂಟು, ಇಂಗ್ಲಿಷ್ ತಂದೆತಾಯಿಗಳಿಗೆ ಹುಟ್ಟಿದವರನ್ನು ಬಿಟ್ಟು ಮಿಕ್ಕ ಪರದೇಶಜಾತರು ದೇಶೀಕರಣ ಹೊಂದಿದ್ದರೂ ಮಂತ್ರಾಲೋಚನ ಸಭೆಯಲ್ಲಾಗಲಿ ಪಾರ್ಲಿಮೆಂಟಿನಲ್ಲಾಗಲಿ ಕೂಡಬಾರದೆಂದು ಅದರಲ್ಲಿ ವಿಧಿಸಿತು. ಅದೇ ಶಾಸನದ ಬಲದಿಂದ 1714ರಲ್ಲಿ ಸಿಂಹಾಸನವೇರಿದ ಒಂದನೆಯ ಜಾರ್ಜನು ಹ್ಯಾನೋವರಿನಲ್ಲಿ ಹುಟ್ಟಿದ ಜರ್ಮನನು! ಮಂತ್ರಿಗೆ ಸಲ್ಲದ ಜನ್ಮವು ರಾಜನಿಗೆ ಸಂದಿತು.

ಈಗ ಫಿಲಡೆಲ್ಫಿಯಾಕ್ಕೆ ಬರೋಣ. 1787ರ ಆಗಸ್ಟ್ 22ರಂದು ಸಭೆಯ ಮುಂದೆ ಬಂದ ಕರಡಿನಲ್ಲಿ ಅಧ್ಯಕ್ಷನು ಪ್ರಜೆಯಾಗಿದ್ದು 21 ವರ್ಷ ದೇಶದಲ್ಲಿ ವಾಸವಾಗಿದ್ದರೆ ಸಾಕೆಂದಿತ್ತು. ಸೆಪ್ಟೆಂಬರ್ 4ರಂದು ಬಂದ ಕರಡಿನಲ್ಲಿ ‘ನ್ಯಾಚುರಲ್ ಬಾರ್ನ್’ ಎಂಬ ವಿಶೇಷಣ ಸೇರಿದೆ. ನಡುವೆ ನಡೆದುದೇನು? ಜುಲೈ 25ರಂದು ಜಾನ್ ಜೇ ಎಂಬ ನ್ಯಾಯವೇತ್ತನು ಸಭಾಧ್ಯಕ್ಷನಾಗಿದ್ದ ವಾಷಿಂಗ್ಟನ್ನನಿಗೆ ಒಂದು ಕಾಗದ ಬರೆದು, ಸೇನಾಧಿಪತ್ಯವು ಸಹಜಪ್ರಜೆಯಲ್ಲದವನ ಕೈಗೆ ಹೋಗದಂತೆ ತಡೆಯುವುದು ವಿವೇಕವೆಂದು ಸೂಚಿಸಿದ್ದನು. ‘ಬಾರ್ನ್’ ಎಂಬ ಶಬ್ದದ ಕೆಳಗೆ ಗೆರೆಯನ್ನೂ ಎಳೆದಿದ್ದನು. ಈ ಸೂಚನೆಯಿಂದಲೇ ವಿಶೇಷಣ ಬಂತೆಂದು ಅನೇಕರು ಊಹಿಸುತ್ತಾರೆ, ಊಹೆ ಅಯುಕ್ತವಲ್ಲ. ಆದರೆ ಸಭೆಯಲ್ಲಿ ಈ ಮಾತನ್ನು ಕುರಿತು ಚರ್ಚೆ ನಡೆದ ದಾಖಲೆಯಿಲ್ಲ. ಎರಡು ಶತಮಾನಗಳ ವಾದಕ್ಕೆ ಕಾರಣವಾದ ಪದವು ಒಂದು ಪ್ರಶ್ನೆಯೂ ಇಲ್ಲದೆ ಒಳಹೊಕ್ಕಿತು.

ಆ ಕಾಲದ ಭಯವನ್ನು ತಿಳಿದರೆ ಇದು ಆಶ್ಚರ್ಯವಲ್ಲ. ರಾಜನನ್ನು ಚುನಾಯಿಸುತ್ತಿದ್ದ ಪೋಲೆಂಡಿನಲ್ಲಿ ನೆರೆಯ ರಾಜ್ಯಗಳು ಕೈಹಾಕಿ, 1772ರಲ್ಲಿ ಆ ದೇಶವನ್ನು ಮೊದಲ ಸಲ ಹಂಚಿಕೊಂಡಿದ್ದವು. ಫಿಲಡೆಲ್ಫಿಯಾದ ಸಭೆಯು ಬಾಗಿಲು ಮುಚ್ಚಿ ಕುಳಿತಿದ್ದುದರಿಂದ, ಮೂರನೆಯ ಜಾರ್ಜನ ಎರಡನೆಯ ಮಗನನ್ನು ಕರೆತಂದು ಪಟ್ಟಗಟ್ಟುವ ಹುನ್ನಾರ ನಡೆದಿದೆಯೆಂಬ ವದಂತಿಯೂ ಹೊರಗೆ ಹಬ್ಬಿತ್ತು. ರಾಜ್ಯಾಂಗಕರ್ತರು ಹೆದರಿದುದು ಐಶ್ವರ್ಯ, ಸೈನ್ಯ, ಸಂಬಂಧಗಳೊಡನೆ ಬರುವ ರಾಜಕುಮಾರನಿಗೆ. ಹೊಟ್ಟೆಪಾಡಿಗಾಗಿ ಹಡಗೇರಿ ಬಂದವನಿಗಲ್ಲ. ಸಹಿ ಹಾಕಿದ 39 ಜನರಲ್ಲಿ 7 ಜನ ಹೊರಗೆ ಹುಟ್ಟಿದವರೇ ಆಗಿದ್ದರು. ವೆಸ್ಟ್ ಇಂಡೀಸಿನ ನೆವಿಸ್ ದ್ವೀಪದಲ್ಲಿ ಹುಟ್ಟಿದ ಹ್ಯಾಮಿಲ್ಟನ್ ಅವರಲ್ಲೊಬ್ಬನು. ಅವನನ್ನು ದೂರವಿಡುವುದಕ್ಕಾಗಿಯೇ ಈ ನಿಬಂಧನೆಯನ್ನು ಕಲ್ಪಿಸಿದರೆಂಬ ಕಥೆ ಪ್ರಚಾರದಲ್ಲಿದೆ. ಅದು ನಿರಾಧಾರ. ಅಂಗೀಕಾರಕಾಲದಲ್ಲಿ ಪ್ರಜೆಯಾಗಿದ್ದವರನ್ನು ಬೇರೆಯಾಗಿ ಹೇಳಿ ಉಳಿಸಿಕೊಂಡಿರುವುದರಿಂದ ಹ್ಯಾಮಿಲ್ಟನ್ನನು ಅರ್ಹನೇ ಆಗಿದ್ದನು. ಅಷ್ಟೇ ಅಲ್ಲ; ಅವನೇ ಬರೆದಿದ್ದ ಒಂದು ಕರಡಿನಲ್ಲಿ, ಮುಂದೆ ಅಧ್ಯಕ್ಷನಾಗತಕ್ಕವನು ‘ಪ್ರಜೆಯಾಗಿ ಹುಟ್ಟಿರಬೇಕು’ ಎಂಬ ಭಾವವಿದೆ. ದೇಶದಲ್ಲಿ ಹುಟ್ಟುವುದು ಬೇರೆ, ಪ್ರಜೆಯಾಗಿ ಹುಟ್ಟುವುದು ಬೇರೆ. ಈ ಭೇದವನ್ನು ಮರೆಯಬಾರದು.

1790ರಲ್ಲಿ ಕಾಂಗ್ರೆಸ್ಸು ದೇಶೀಕರಣದ ಮೊದಲ ಶಾಸನವನ್ನು ಮಾಡಿ, ಪ್ರಜೆಗಳಿಗೆ ಕಡಲಾಚೆ ಹುಟ್ಟಿದ ಮಕ್ಕಳನ್ನು ಸಹಜಪ್ರಜೆಗಳೆಂದು ಎಣಿಸತಕ್ಕದ್ದೆಂದಿತು. 1795ರ ಶಾಸನದಲ್ಲಿ ಸಹಜವೆಂಬುದು ಬಿದ್ದುಹೋಗಿ ಬರಿಯ ಪ್ರಜೆಗಳೆಂದು ಉಳಿಯಿತು. ‘ಎಣಿಸತಕ್ಕದ್ದು’ ಎಂಬುದು ನಮ್ಮ ಶಾಸ್ತ್ರಜ್ಞರು ಅತಿದೇಶವೆಂದು ಕರೆಯುವ ರೀತಿ. ಅತಿದೇಶ ಬೇಕಾದುದು ಸ್ವತಃ ಹಾಗಲ್ಲದುದಕ್ಕೆ. ಆದುದರಿಂದ ಹೊರಗೆ ಹುಟ್ಟಿದವರು ಸ್ವತಃ ಸಹಜರಲ್ಲವೆಂದು ಒಂದು ಪಕ್ಷ. ರಾಜ್ಯಾಂಗವನ್ನು ರಚಿಸಿದವರಲ್ಲಿ ಅನೇಕರು ಕುಳಿತಿದ್ದ ಕಾಂಗ್ರೆಸ್ಸೇ ಹೀಗೆ ಹೇಳಿರುವುದರಿಂದ ಆ ಶಬ್ದದ ವ್ಯಾಪ್ತಿ ಅವರ ಮನಸ್ಸಿನಲ್ಲಿ ಅಷ್ಟು ವಿಶಾಲವಾಗಿತ್ತೆಂದು ಇನ್ನೊಂದು ಪಕ್ಷ. ಎರಡನೆಯದೇ ಯುಕ್ತವೆಂದು ನನಗೆ ತೋರುತ್ತದೆ. ಇಂಗ್ಲೆಂಡಿನ ಶಾಸನಗಳಲ್ಲಿಯೂ ಇದೇ ಅತಿದೇಶವಿದ್ದು, ಕಾಲಕ್ರಮದಲ್ಲಿ ಅದೇ ರೂಢಿಯಾಗಿತ್ತಲ್ಲವೆ?

ಇದಂತಿರಲಿ. ಹೊರಗೆ ಹುಟ್ಟಿದ ಕೆಲವರ ವಿಷಯದಲ್ಲಿ ಇಷ್ಟು ವಾದ ನಡೆಯುತ್ತಿರುವಾಗ, ಒಳಗೇ ಹುಟ್ಟಿದ ಲಕ್ಷಾಂತರ ಜನ ಪ್ರಜೆಗಳೇ ಅಲ್ಲದೆ ಉಳಿದಿದ್ದರು. ನೆಲವೇ ಪ್ರಮಾಣವೆನ್ನುವವರು ಇದಕ್ಕೆ ಸಮಾಧಾನ ಹೇಳಬೇಕು. ವರ್ಜೀನಿಯಾದಲ್ಲಿ ಹುಟ್ಟಿದ ಡ್ರೆಡ್ ಸ್ಕಾಟ್ ಎಂಬ ದಾಸನು ಬಿಡುಗಡೆಗಾಗಿ ಮೊರೆಯಿಟ್ಟಾಗ, 1857ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಫ್ರಿಕದ ದಾಸರ ಸಂತತಿಯವರು ಸಂಯುಕ್ತ ಸಂಸ್ಥಾನಗಳ ಪ್ರಜೆಗಳಾಗಲಾರರೆಂದು ತೀರ್ಪು ಕೊಟ್ಟಿತು. ಅಂತರ್ಯುದ್ಧದ ರಕ್ತಪಾತವಾದ ಮೇಲೆಯೇ, 1868ರ ಹದಿನಾಲ್ಕನೆಯ ತಿದ್ದುಪಡಿಯಿಂದ, ಆ ದೇಶದಲ್ಲಿ ಹುಟ್ಟಿ ಅದರ ಅಧಿಕಾರಕ್ಕೆ ಒಳಪಟ್ಟವರೆಲ್ಲರೂ ಪ್ರಜೆಗಳೆಂದಾಯಿತು. ಆಗಲೂ ಆ ನೆಲದ ಮೂಲನಿವಾಸಿಗಳಿಗೆ ಇದು ತಾನಾಗಿ ಅನ್ವಯಿಸುವುದಿಲ್ಲವೆಂದು 1884ರಲ್ಲಿ ನ್ಯಾಯಾಲಯ ಹೇಳಿತು. ಅವರೆಲ್ಲರನ್ನೂ ಪ್ರಜೆಗಳೆಂದು ಶಾಸನವಾದುದು 1924ರಲ್ಲಿ.

ತಿದ್ದುಪಡಿಯ ಬಲವನ್ನು ಪರೀಕ್ಷಿಸಿದ ವ್ಯಾಜ್ಯ ವಾಂಗ್ ಕಿಮ್ ಆರ್ಕನದು. ಇವನು 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದವನು. ಚೀನೀಯರನ್ನು ತಡೆಯುವ ಶಾಸನ ಜಾರಿಯಲ್ಲಿದ್ದ ಕಾಲ. 1895ರಲ್ಲಿ ಚೀನಾಕ್ಕೆ ಹೋಗಿ ಹಿಂದಿರುಗಿದಾಗ ಇವನನ್ನು ದಡಕ್ಕೆ ಇಳಿಯಗೊಡಲಿಲ್ಲ. 1898ರಲ್ಲಿ ಆರು ನ್ಯಾಯಾಧೀಶರು ಇವನು ಹುಟ್ಟಿನಿಂದ ಪ್ರಜೆಯೆಂದರು; ಇಬ್ಬರು ಅಲ್ಲವೆಂದರು. ಭಿನ್ನಮತವನ್ನು ಬರೆದ ಮುಖ್ಯ ನ್ಯಾಯಾಧೀಶ ಫುಲ್ಲರನು ಅಧ್ಯಕ್ಷಪದವಿಯನ್ನೇ ಎತ್ತಿಕೊಂಡು, ಪರದೇಶೀಯರಿಗೆ ಇಲ್ಲಿ ಹುಟ್ಟಿದ ಮಕ್ಕಳು ಅಧ್ಯಕ್ಷರಾಗಬಹುದು, ನಮ್ಮವರಿಗೆ ಹೊರಗೆ ಹುಟ್ಟಿದ ಮಕ್ಕಳು ಆಗಬಾರದೆಂಬುದು ಅಸಂಗತವಲ್ಲವೆ ಎಂದು ಆಕ್ಷೇಪಿಸಿದನು. ಎರಡನೆಯ ಭಾಗವನ್ನು ಬಿಟ್ಟರೆ ಅಸಂಗತಿಯೂ ಹೋಗುತ್ತದೆಂಬುದು ಅವನಿಗೆ ಹೊಳೆಯಲಿಲ್ಲ. ಈ ತೀರ್ಪಿನ ವ್ಯಾಪ್ತಿಯನ್ನು ಕುಗ್ಗಿಸುವ ಅಧ್ಯಕ್ಷಾಜ್ಞೆಯೊಂದು 2025ರ ಜನವರಿ 20ರಂದು ಹೊರಟು, ವಿಷಯವು ಮತ್ತೆ ನ್ಯಾಯಾಲಯಗಳ ಮೆಟ್ಟಿಲನ್ನು ಹತ್ತಿತು.

ನಮ್ಮವರಿಗೂ ಇದರ ಬಿಸಿ ತಟ್ಟಿದೆ. ಭಗತ್ ಸಿಂಗ್ ಥಿಂದ್ ಎಂಬ ಸಿಖ್ಖನು ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿ ಪ್ರಜಾತ್ವವನ್ನು ಕೇಳಿದಾಗ, ದೇಶೀಕರಣವು ಬಿಳಿಯರಿಗಾಗಿ ಇರುವುದು, ಇವನು ಜನಸಾಮಾನ್ಯರ ಮಾತಿನಲ್ಲಿ ಬಿಳಿಯನಲ್ಲ ಎಂದು 1923ರಲ್ಲಿ ನಿರಾಕರಿಸಿದರು. ಆ ತೀರ್ಪನ್ನು ಬರೆದ ಸದರ್ಲೆಂಡ್ ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲಿ ಅಲ್ಲಿಗೆ ಬಂದವನು. 1946ರ ಶಾಸನವಾಗುವವರೆಗೆ ಭಾರತೀಯರ ಸ್ಥಿತಿ ವಿಚಿತ್ರವಾಗಿತ್ತು: ತಂದೆಗೆ ಪ್ರಜೆಯಾಗುವ ದಾರಿಯೇ ಇಲ್ಲ, ಅಲ್ಲಿ ಹುಟ್ಟಿದ ಮಗನಾದರೋ ಅಧ್ಯಕ್ಷಪದವಿಗೆ ಅರ್ಹ. 1964ರಲ್ಲಿ ಓಕ್ಲೆಂಡಿನಲ್ಲಿ ತಮಿಳುನಾಡಿನ ತಾಯಿಗೂ ಜಮೈಕಾದ ತಂದೆಗೂ ಹುಟ್ಟಿದ ಕಮಲಾ ಹ್ಯಾರಿಸ್ 2021ರಲ್ಲಿ ಉಪಾಧ್ಯಕ್ಷೆಯಾದರು. ಉಪಾಧ್ಯಕ್ಷರಿಗೂ ಇದೇ ಅರ್ಹತೆಯನ್ನು 1804ರ ತಿದ್ದುಪಡಿ ವಿಧಿಸಿರುವುದರಿಂದ, ಅವರ ವಿಷಯದಲ್ಲಿಯೂ ಕೆಲವರು ಸಂದೇಹವನ್ನೆತ್ತದಿರಲಿಲ್ಲ.

ಅಭ್ಯರ್ಥಿಗಳನ್ನು ಕುರಿತ ವಾದಗಳು ಹಲವು. 1881ರಲ್ಲಿ ಅಧ್ಯಕ್ಷನಾದ ಆರ್ಥರನು ಕೆನಡಾದಲ್ಲಿ ಹುಟ್ಟಿದವನೆಂದು ವಿರೋಧಿಗಳು ಹಬ್ಬಿಸಿದರು. ಹವಾಯಿಯಲ್ಲಿ 1961ರಲ್ಲಿ ಹುಟ್ಟಿದ ಒಬಾಮನು ಕೆನ್ಯಾದಲ್ಲಿ ಹುಟ್ಟಿದವನೆಂಬ ಸುಳ್ಳು ಆ ಜಾತಿಯದೇ. 1964ರ ಅಭ್ಯರ್ಥಿ ಗೋಲ್ಡ್‌ವಾಟರ್ ಹುಟ್ಟಿದಾಗ ಅರಿಜೋನಾ ಇನ್ನೂ ಸಂಸ್ಥಾನವಾಗಿರಲಿಲ್ಲ. ಮೆಕ್ಸಿಕೋದಲ್ಲಿ ಹುಟ್ಟಿದ ಜಾರ್ಜ್ ರಾಮ್ನಿ 1968ರ ಚುನಾವಣೆಗೂ, ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಕ್ರೂಜ್ 2016ರ ಚುನಾವಣೆಗೂ ಪಕ್ಷದ ಉಮೇದುವಾರಿಕೆಯನ್ನು ಬಯಸಿದರು. ಪನಾಮಾ ಕಾಲುವೆಯ ವಲಯದಲ್ಲಿ ಹುಟ್ಟಿದ ಮೆಕೇನ್ 2008ರಲ್ಲಿ ಅದನ್ನು ಪಡೆದನು. ಮೆಕೇನನು ಸಹಜಪ್ರಜೆಯೆಂದು ಆ ವರ್ಷವೇ ಸೆನೆಟ್ ಸಭೆಯು ನಿರ್ಣಯ ಮಾಡಿತು. ಸರ್ವೋಚ್ಚ ನ್ಯಾಯಾಲಯವು ಈ ಪದವಿಯ ಸಂಬಂಧದಲ್ಲಿ ಶಬ್ದದ ಅರ್ಥವನ್ನು ಇತ್ಯರ್ಥಮಾಡಿಲ್ಲ. ಆದರೆ ಹೊರನೆಲದಲ್ಲಿ ಹುಟ್ಟಿದವನನ್ನು ಒಂದು ಮಹಾಪಕ್ಷವು ನಿಲ್ಲಿಸಿತು, ಕೋಟ್ಯಂತರ ಜನ ಅವನಿಗೆ ಮತ ಕೊಟ್ಟರು. ಶಿಷ್ಟಾಚಾರವೂ ಪ್ರಮಾಣವೆನ್ನುವ ನಮಗೆ ಇದು ಅಲ್ಪವಾದ ಸಾಕ್ಷ್ಯವಲ್ಲ. ಹುಟ್ಟಿನ ಕ್ಷಣದಲ್ಲಿಯೇ, ನೆಲದಿಂದಲೋ ವಂಶದಿಂದಲೋ, ಪ್ರಜಾತ್ವವು ಬಂದವನು ಸಹಜಪ್ರಜೆ. ದೇಶೀಕರಣದಿಂದ ಅದನ್ನು ಆಮೇಲೆ ಪಡೆದವನು ಅಲ್ಲ. ಜರ್ಮನಿಯಲ್ಲಿ ಹುಟ್ಟಿದ ಕಿಸಿಂಜರ್, ಪ್ರಾಗ್ ನಗರದಲ್ಲಿ ಹುಟ್ಟಿದ ಆಲ್ಬ್ರೈಟ್ ವಿದೇಶಾಂಗ ಕಾರ್ಯದರ್ಶಿಗಳಾದರೂ ಈ ಎರಡನೆಯ ವರ್ಗದವರಾದುದರಿಂದ ಅಧ್ಯಕ್ಷತ್ವದ ಉತ್ತರಾಧಿಕಾರದಿಂದ ಹೊರಗುಳಿದರು. ಇಪ್ಪತ್ತು ವರ್ಷ ಪ್ರಜೆಯಾಗಿದ್ದವರಿಗೂ ಬಾಗಿಲು ತೆರೆಯಬೇಕೆಂದು 2003ರಲ್ಲಿ ಸೆನೆಟರ್ ಹ್ಯಾಚ್ ತಂದ ತಿದ್ದುಪಡಿಯ ಸೂಚನೆ ಮುಂದುವರಿಯಲಿಲ್ಲ.

ನಮ್ಮ ಸಂವಿಧಾನದ 58ನೆಯ ಅನುಚ್ಛೇದವು ರಾಷ್ಟ್ರಪತಿಗೆ 35 ವರ್ಷವೆಂಬ ಅದೇ ವಯಸ್ಸನ್ನು ಹೇಳುತ್ತದೆ. ಆದರೆ ಭಾರತದ ಪ್ರಜೆಯಾಗಿರಬೇಕೆಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ, ಹುಟ್ಟಿನ ವಿಶೇಷಣವನ್ನು ಸೇರಿಸುವುದಿಲ್ಲ. ಪ್ರಧಾನಮಂತ್ರಿಗೂ ಅಂಥ ವಿಶೇಷಣವಿಲ್ಲ. 1947ರ ವಿಭಜನೆಯನ್ನು ಕಂಡ ದೇಶದಲ್ಲಿ ನೆಲವನ್ನು ಪ್ರಮಾಣವಾಗಿ ಹಿಡಿದಿದ್ದರೆ ಏನಾಗುತ್ತಿತ್ತೆಂಬುದು ಊಹ್ಯ. ಝೇಲಂ ಪಟ್ಟಣದಲ್ಲಿ ಹುಟ್ಟಿದ ಗುಜ್ರಾಲರೂ, ಗಾಹ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಮನಮೋಹನ ಸಿಂಗರೂ ಪ್ರಧಾನಮಂತ್ರಿಗಳಾದರು. ಎರಡು ಊರುಗಳೂ ಇಂದು ಪಾಕಿಸ್ತಾನದಲ್ಲಿವೆ. 2001ರಲ್ಲಿ ಪಾಕಿಸ್ತಾನದ ಅಧ್ಯಕ್ಷನಾದ ಮುಷರಫನು ಹುಟ್ಟಿದುದು ದೆಹಲಿಯಲ್ಲಿ.