ದೊಡ್ಡ ಬೆಳ್ಳಕ್ಕಿ ಮತ್ತು ಮಧ್ಯಮ ಬೆಳ್ಳಕ್ಕಿ

ದೊಡ್ಡ ಬೆಳ್ಳಕ್ಕಿ (ಆರ್ಡಿಯಾ ಆಲ್ಬಾ) ಮತ್ತು ಮಧ್ಯಮ ಬೆಳ್ಳಕ್ಕಿ (ಆರ್ಡಿಯಾ ಇಂಟರ್‌ಮೀಡಿಯಾ) ಆರ್ಡೆಯಿಡೇ ಎಂಬ ಬಕಗಳ ಕುಟುಂಬಕ್ಕೆ ಸೇರಿದ, ಮೈಯೆಲ್ಲ ಬಿಳಿಯಾದ ನೀರುಹಕ್ಕಿಗಳು. ಕರ್ನಾಟಕದ ಕೆರೆ, ಗದ್ದೆ ಹಾಗೂ ನದೀತೀರಗಳಲ್ಲಿ ಎರಡೂ ಕಾಣಸಿಗುತ್ತವೆ. ಸಣ್ಣ ಬೆಳ್ಳಕ್ಕಿಯನ್ನು ಅದರ ಹಳದಿ ಪಾದಗಳಿಂದ ಗುರುತಿಸಬಹುದು. ಈ ಎರಡರ ಪಾದಗಳೂ ಕಪ್ಪಾದುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಸಾಮಾನ್ಯ.

ಗುರುತಿಸುವಿಕೆ

ದೊಡ್ಡ ಬೆಳ್ಳಕ್ಕಿ ಸುಮಾರು 80ರಿಂದ 100 ಸೆಂ.ಮೀ. ಉದ್ದವಿದ್ದರೆ, ಮಧ್ಯಮ ಬೆಳ್ಳಕ್ಕಿ ಸುಮಾರು 56ರಿಂದ 72 ಸೆಂ.ಮೀ. ಇರುತ್ತದೆ. ಆದರೆ ಹಕ್ಕಿ ಒಂಟಿಯಾಗಿ, ಕತ್ತು ಮಡಿಚಿ ನಿಂತಿದ್ದಾಗ ಈ ಅಳತೆಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೊಕ್ಕಿನ ಬಣ್ಣವನ್ನಂತೂ ನೆಚ್ಚುವಂತಿಲ್ಲ. ಉಳಿದ ಕಾಲದಲ್ಲಿ ಹಳದಿಯಾಗಿರುವ ಕೊಕ್ಕು ಸಂತಾನಾಭಿವೃದ್ಧಿಯ ಕಾಲದಲ್ಲಿ ಭಾರತದ ಈ ಎರಡೂ ಹಕ್ಕಿಗಳಲ್ಲಿ ಕಪ್ಪಾಗುತ್ತದೆ.

ನಂಬಬಹುದಾದ ಲಕ್ಷಣವೆಂದರೆ ಬಾಯಿಯ ಸೀಳುಗೆರೆ. ದೊಡ್ಡ ಬೆಳ್ಳಕ್ಕಿಯಲ್ಲಿ ಈ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೂರದಿಂದ ನೋಡುವವರಿಗೆ ಕತ್ತು ನೆರವಾಗುತ್ತದೆ. ದೊಡ್ಡದರ ಕತ್ತು ದೇಹಕ್ಕಿಂತ ಉದ್ದವಾಗಿದ್ದು ನಡುವೆ ಮುರಿದಂತೆ ಕೊಂಕಿರುತ್ತದೆ, ಇನ್ನೊಂದರದು ನಯವಾಗಿ ಬಾಗಿರುತ್ತದೆ. ಮಧ್ಯಮ ಬೆಳ್ಳಕ್ಕಿಯ ಕೊಕ್ಕು ಗಿಡ್ಡ, ತಲೆ ದುಂಡು.

ಸಂತಾನಾಭಿವೃದ್ಧಿಯ ಕಾಲದಲ್ಲಿ ದೊಡ್ಡ ಬೆಳ್ಳಕ್ಕಿಗೆ ಬೆನ್ನಿನ ಮೇಲೆ ಮಾತ್ರ ಎಳೆಎಳೆಯಾದ ಅಲಂಕಾರದ ಗರಿಗಳು ಮೂಡುತ್ತವೆ. ಮಧ್ಯಮ ಬೆಳ್ಳಕ್ಕಿಗೆ ಬೆನ್ನಿನೊಂದಿಗೆ ಎದೆಯ ಮೇಲೂ ಇವು ಬೆಳೆಯುತ್ತವೆ.

ವರ್ಗೀಕರಣ

ಮಧ್ಯಮ ಬೆಳ್ಳಕ್ಕಿಯನ್ನು ಹಿಂದೆ ಎಗ್ರೆಟ್ಟಾ ಕುಲದಲ್ಲಿಯೂ ಮೆಸೊಫಾಯಿಕ್ಸ್ ಎಂಬ ಪ್ರತ್ಯೇಕ ಕುಲದಲ್ಲಿಯೂ ಇರಿಸಲಾಗಿತ್ತು. ಇತ್ತೀಚಿನ ಕೆಲವು ವರ್ಗೀಕರಣಗಳು ಆಫ್ರಿಕ, ಏಷ್ಯಾ ಮತ್ತು ಆಸ್ಟ್ರೇಲಿಯದ ಹಕ್ಕಿಗಳನ್ನು ಮೂರು ಪ್ರಭೇದಗಳೆಂದು ಪರಿಗಣಿಸುತ್ತವೆ. ಆಗ ಆರ್ಡಿಯಾ ಇಂಟರ್‌ಮೀಡಿಯಾ ಎಂಬ ಹೆಸರು ಏಷ್ಯಾದ ಹಕ್ಕಿಗೆ ಉಳಿಯುತ್ತದೆ. ದೊಡ್ಡ ಬೆಳ್ಳಕ್ಕಿಯಾದರೋ ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳಲ್ಲಿದೆ.

ಗರಿಗಳ ವ್ಯಾಪಾರ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪ್ ಮತ್ತು ಅಮೆರಿಕದ ಮಹಿಳೆಯರ ಟೋಪಿಗಳನ್ನು ಸಿಂಗರಿಸಲು ಬೆಳ್ಳಕ್ಕಿಗಳನ್ನು ಅಪಾರ ಸಂಖ್ಯೆಯಲ್ಲಿ ಕೊಲ್ಲಲಾಯಿತು. ಅಲಂಕಾರದ ಗರಿ ಮೂಡುವುದು ಗೂಡುಕಟ್ಟುವ ಕಾಲದಲ್ಲಾದ್ದರಿಂದ ತಾಯಿತಂದೆಯರನ್ನು ಕಳೆದುಕೊಂಡ ಮರಿಗಳೂ ಗೂಡಿನಲ್ಲೇ ಸಾಯುತ್ತಿದ್ದವು. ಬ್ರಿಟಿಷ್ ಭಾರತ ಸರ್ಕಾರವು 1902ರಲ್ಲಿ ಕಾಡುಹಕ್ಕಿಗಳ ಗರಿ ಮತ್ತು ಚರ್ಮದ ರಫ್ತನ್ನು ನಿಷೇಧಿಸಿತು. ಅಮೆರಿಕದಲ್ಲಿ ಈ ಹತ್ಯೆಯ ವಿರುದ್ಧದ ಚಳವಳಿಯಿಂದ ಬೆಳೆದ ನ್ಯಾಷನಲ್ ಆಡುಬಾನ್ ಸೊಸೈಟಿಯ ಲಾಂಛನದಲ್ಲಿ ಇಂದು ದೊಡ್ಡ ಬೆಳ್ಳಕ್ಕಿಯಿದೆ.

ಆಹಾರ ಮತ್ತು ಗೂಡು

ಎರಡರ ಆಹಾರವೂ ಮೀನು, ಕಪ್ಪೆ ಮತ್ತು ಕೀಟಗಳು. ಉದ್ದ ಕಾಲಿನ ದೊಡ್ಡ ಬೆಳ್ಳಕ್ಕಿ ಹೆಚ್ಚು ಆಳದ ನೀರಿನಲ್ಲಿ ಅಲುಗಾಡದೆ ಕಾಯಬಲ್ಲದು. ಮಧ್ಯಮ ಬೆಳ್ಳಕ್ಕಿ ಗದ್ದೆಯಂಥ ತೆಳುನೀರಿನಲ್ಲಿ ಮೆಲ್ಲನೆ ನಡೆಯುತ್ತ ಬೇಟೆಯಾಡುತ್ತದೆ. ಇತರ ನೀರುಹಕ್ಕಿಗಳೊಡನೆ ಗುಂಪಾಗಿ ಮರಗಳ ಮೇಲೆ ಕಡ್ಡಿಗಳಿಂದ ಗೂಡು ಕಟ್ಟುತ್ತವೆ. ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ನಡುಗಡ್ಡೆಗಳಲ್ಲಿರುವ, 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಎರಡನ್ನೂ ನೋಡಬಹುದು.